ಶೇವಂತತ್ತಿಯ ಮೂರುಮೂಲಿ ಕೌದಿ

ತಿಕೋಟಾದ ನಮ್ಮ ಮನೆಯಲ್ಲಿ ಕೌದಿ ಹೊಲಿಯಲು ಬಾರದವರು ಇಬ್ಬರೇ, ಅಪ್ಪ ಮತ್ತು ಎಮ್ಮೆ. ಅಪ್ಪನ ತಾಯಿಯನ್ನು ನಾವು ಆಯಿ ಎಂದು ಕರೆಯುತ್ತಿದ್ದೆವು. ಹಳೇ ಸೀರೆ, ಧೋತರ, ಅಂಗಿಗಳ ತುಂಡು ಕೂಡಿಸಿ ಹೊದಿಕೆ ಹೊಲಿಯುವ ವಿಷಯದಲ್ಲಿ ಇಡೀ ಓಣಿಗೆ ಅವಳದೇ ಕಾರಭಾರ. ಅವ್ವ ರೊಟ್ಟಿ ಬಡಿದು ಮುಗಿಸಿ, ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಬಂದು ಪಡಸಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದಳು. ಗೋಡೆಯಾಚೆಯ ಮನೆಯ ಮಾಬೂಬಿ ಚಾಚಿಯ ಗಂಡ ಬಜಾರದಲ್ಲಿ ಟೇಲರ್. ಅಂಗಡಿಯಲ್ಲಿ ಉಳಿದ ಚೂರುಗಳ ಗಂಟನ್ನು ಬಗಲಲ್ಲಿ ಇರುಕಿಕೊಂಡು ಚಾಚಿಯೂ ಬರುತ್ತಿದ್ದಳು. ನಾನು ಅಕ್ಷರ ಕಲಿಯುವ ಮೊದಲೇ ಸೂಜಿಗೆ ದಾರ ಪೋಣಿಸಲು ಕಲಿತೆ. ಆಯಿಯ ಕಣ್ಣು ಮಂದ, ನನ್ನ ಕಣ್ಣು ಚುರುಕು, ಮತ್ತು ಆ ಮನೆಯಲ್ಲಿ ಪುಕ್ಕಟೆ ಊಟ ಯಾರಿಗೂ ಇರಲಿಲ್ಲ.

ಈಗ ನನ್ನ ಮನೆ ವಿಜಯಪುರದ ಅಥಣಿ ರಸ್ತೆಯ ಒಂದು ಹೊಸ ಬಡಾವಣೆಯಲ್ಲಿದೆ. ಭಾನುವಾರ ಮಧ್ಯಾಹ್ನ ಕೆಲವು ಹೆಣ್ಣುಮಕ್ಕಳು ಕೌದಿ ಕಲಿಯಲು ಬರುತ್ತಾರೆ. ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಒಬ್ಬಳು ನರ್ಸ್, ಒಬ್ಬಳಿಗೆ ಮನೆಯಲ್ಲಿ ಅತ್ತೆಯ ಕಾಟ, ಎರಡು ತಾಸು ತಪ್ಪಿಸಿಕೊಂಡರೆ ಸಾಕು. ಎಲ್ಲರಿಗೂ ಮೊದಲ ದಿನವೇ ಮೂರುಮೂಲಿ ಬೇಕು. ಮೂರು ಮೂಲೆಯ ತುಂಡಿಗೆ ನಮ್ಮ ಕಡೆ ಹಾಗೆ ಹೇಳುತ್ತೇವೆ. ಚೌಕ ತುಂಡು ಕೂಡಿಸುವುದು ಅಜ್ಜಿಯರ ಕೆಲಸವಂತೆ, ಮೂರುಮೂಲಿ ಕೂಡಿಸಿದರೆ ನಕ್ಷತ್ರ ಬರುತ್ತದೆ, ಗಾಳಿಪಟ ಬರುತ್ತದೆ, ಫೋಟೋ ಚಂದ ಬರುತ್ತದೆ. ನಾನು ಬೇಡ ಎನ್ನುವುದಿಲ್ಲ. ಈಜು ಕಲಿಯಲು ಬಂದವರನ್ನು ದಂಡೆಯಲ್ಲೇ ಕೂರಿಸಿ ಏನು ಮಾಡುವುದು? ಆದರೆ ಮೊದಲು ಒಂದು ತುಂಡು ಕೈಗೆ ಕೊಟ್ಟು, ಮೂರೂ ಅಂಚು ಎಳೆದು ನೋಡಿರಿ ಎನ್ನುತ್ತೇನೆ. ಎರಡು ಅಂಚು ನೂಲಿನ ಜಾಡಿನಲ್ಲಿ ಕತ್ತರಿಸಿದವು, ಅವು ಹೇಳಿದ ಮಾತು ಕೇಳುತ್ತವೆ. ಮೂರನೆಯದು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ್ದು, ಅದು ಯಾರ ಮಾತೂ ಕೇಳುವುದಿಲ್ಲ. ಎಳೆದರೆ ಉದ್ದವಾಗುತ್ತದೆ, ಉದ್ದವಾದದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಹಾಗೆ ಎಳೆದೆಳೆದು ಹೊಲಿದ ಕೌದಿ ನೆಲಕ್ಕೆ ಹಾಸಿದಾಗ ನಡುವೆ ಉಬ್ಬಿ ನಿಲ್ಲುತ್ತದೆ. ಆಯಿ ಅದಕ್ಕೆ ಬಸರಿ ಕೌದಿ ಅನ್ನುತ್ತಿದ್ದಳು. ಈ ಮಾತು ಕೇಳಿ ನರ್ಸ್ ಹುಡುಗಿ ನಕ್ಕ ನಗೆ ಇನ್ನೂ ನನ್ನ ಪಡಸಾಲೆಯಲ್ಲಿದೆ.

ಮೂರುಮೂಲಿಯ ವಿಷಯ ನನಗೆ ಗೊತ್ತಿರುವುದೆಲ್ಲ ಒಂದೇ ಕೌದಿಯಿಂದ ಬಂದದ್ದು. ಅದನ್ನು ನಾವು ಶೇವಂತತ್ತಿಗಾಗಿ ಹೊಲಿದೆವು. ಶೇವಂತತ್ತಿ ಅಪ್ಪನ ಒಬ್ಬಳೇ ತಂಗಿ. ಅವಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಲಗ್ನವಾಗಿ ವರ್ಷ ತುಂಬುವುದರೊಳಗೆ, ಜೋಳದ ರಾಶಿ ಮುಗಿದ ಮೇಲೆ ಒಂದು ಮಧ್ಯಾಹ್ನ, ಯಾರೂ ಕರೆಯಲು ಹೋಗದಿದ್ದರೂ ಕೈಯಲ್ಲೊಂದು ಚೀಲ ಹಿಡಿದು ಬಂದು ಹೊಸ್ತಿಲಲ್ಲಿ ನಿಂತಳು. ನಮ್ಮ ಮನೆಯ ಗುಣವೊಂದನ್ನು ಇಲ್ಲಿ ಹೇಳಬೇಕು. ಜಗಳವಾದರೆ ಛಾವಣಿ ಹಾರುವಷ್ಟು ಕೂಗುತ್ತಿದ್ದೆವು, ಸಾರಿಗೆ ಉಪ್ಪು ಹೆಚ್ಚಾದರೆ ಎರಡು ದಿನ ಅದೇ ಮಾತು, ಆದರೆ ನಿಜವಾಗಿ ಕೇಳಬೇಕಾದದ್ದನ್ನು ಯಾರೂ ಯಾರಿಗೂ ಕೇಳುತ್ತಿರಲಿಲ್ಲ. ಅಪ್ಪ ತಂಗಿಯ ಮುಖ ನೋಡಿದ, ಚೀಲ ನೋಡಿದ.

"ಊಟ ಆಗೇತೇನು?" ಅಂದ.

"ಆಗಿಲ್ಲ," ಅಂದಳು ಶೇವಂತತ್ತಿ.

ಅವ್ವ ತಾಟು ಹಾಕಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದು ಬಟ್ಟಲು ಮಜ್ಜಿಗೆ. ಅತ್ತಿ ತಲೆ ಎತ್ತದೆ ಉಂಡಳು. ಅಷ್ಟಕ್ಕೆ ಮಾತು ಮುಗಿಯಿತು. ಯಾಕೆ ಬಂದಳೆಂದು ಕೇಳಿದವರಿಲ್ಲ. ನನಗೆ ಗೊತ್ತಾದದ್ದು ಮುಂದೆ ಒಂದು ದಿನ, ಅವಳೂ ಅವ್ವನೂ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಾಗ. ನಾನು ಅಲ್ಲೇ ಎಮ್ಮೆಗೆ ಹಾಕುವ ನುಚ್ಚನ್ನು ಬುಟ್ಟಿಗೆ ತುಂಬುತ್ತಿದ್ದೆ. ಮಕ್ಕಳಿಗೆ ಕಿವಿ ಇರುತ್ತದೆಂದು ದೊಡ್ಡವರಿಗೆ ಹೊಳೆಯುವುದೇ ಇಲ್ಲ.

"ಅವರು ಕೆಟ್ಟವರಲ್ಲ ವೈನಿ. ಹೊಡೆಯೂದಿಲ್ಲ, ಬಡಿಯೂದಿಲ್ಲ. ನಾ ಒಳಗ ಬಂದ್ರ ಎದ್ದು ಹೊರಗ ಹೊಕ್ಕಾರ. ಲಗ್ನ ಆದಾಗಿಂದ ನನ್ನ ಹೆಸರ ಹಿಡದು ಒಮ್ಮಿಯೂ ಕರದಿಲ್ಲ."

"ನಿಮ್ಮತ್ತಿ?"

"ಅತ್ತಿ ಛಲೋ ಅದಾರ. ಅತ್ತಿ ಮಾತಾಡಸ್ತಾರ. ಮನ್ಯಾಗಿನ ಆಕಳಾ ಸೈತ ನನ್ನ ನೋಡಿದ್ರ ಅಂಬಾ ಅಂತೈತಿ. ಅವರಿಗಷ್ಟ ನಾ ಕಾಣಸೂದಿಲ್ಲ."

ಅವ್ವ ಮೊರದಲ್ಲಿದ್ದ ಜೋಳವನ್ನು ಮತ್ತೊಮ್ಮೆ ಕೇರಿದಳು, ಅದು ಆಗಲೇ ಹಸನಾಗಿತ್ತು. ನನಗೆ ಅತ್ತಿಯ ಗಂಡನಾದ ಆ ಮಾವನ ಮೇಲೆ ಬಂದ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಹೊಡೆದಿದ್ದರೆ ನಮ್ಮ ಮನೆಯವರು ನಾಲ್ಕು ಮಂದಿ ಹಿರಿಯರನ್ನು ಕರೆದುಕೊಂಡು ಹೋಗಿ ಕೇಳುತ್ತಿದ್ದರು. ಹೆಸರು ಹಿಡಿದು ಕರೆಯುವುದಿಲ್ಲ ಎಂದು ಯಾವ ಪಂಚಾಯಿತಿಯಲ್ಲಿ ಹೇಳಿಕೊಳ್ಳುವುದು?

ಬಬಲೇಶ್ವರದಿಂದ ಬಸ್ಸಿನಲ್ಲಿ ಬರುವವರ ಬಾಯಲ್ಲಿ ಮಾತು ಬರತೊಡಗಿತು. ಸೊಸೆಯನ್ನು ಯಾವಾಗ ಕಳಿಸುತ್ತೀರಿ ಎಂದು ಅತ್ತಿಯ ಅತ್ತೆ ಬಸವ್ವ ಕೇಳಿದ್ದಳು. ಅಪ್ಪನಿಗೆ ಬಜಾರದಲ್ಲಿ ಕಿರಾಣಿ ಅಂಗಡಿ, ಊರಿನ ಮಂದಿಯೆಲ್ಲ ಸಕ್ಕರೆ, ಬೆಲ್ಲಕ್ಕೆಂದು ಬಂದು ನಿಲ್ಲುವ ಜಾಗ, ಅವರ ಬಾಯಿಗೆ ಬಿದ್ದರೆ ಮುಗಿಯಿತು. ಒಂದು ಸಂಜೆ ಊಟಕ್ಕೆ ಕೂತವನು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ರೊಟ್ಟಿಗೆ ಹೇಳುವವನಂತೆ ಹೇಳಿದ. ಅತ್ತಿ ಒಳಗೆ ನೀರು ತರಲು ಹೋದಳು. ಆಯಿ ಕೈ ತೊಳೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು, ನಿಧಾನಕ್ಕೆ ಶುರು ಮಾಡಿದಳು.

"ಕಳಸೂನು. ಯಾರ ಬ್ಯಾಡ ಅಂದಾರ? ಆದ್ರ ಹೆಣ್ಣಮಗಳನ್ನ ಬರೇ ಕೈಲೆ ಕಳಸ್ತಾರೇನು? ಒಂದ ಕೌದಿ ಹೊಲದು ಕೊಟ್ಟು ಕಳಸ್ತೀನಿ."

"ಮನ್ಯಾಗ ಇದ್ದ ಕೌದಿ ಕೊಡಬೇ."

"ಹಾಸಿದ್ದು ಹೊಚ್ಚಿದ್ದು ಕೊಡ್ಲೇನು ಬೀಗರಿಗೆ? ಹೊಸಾದು ಹೊಲೀತೀನಿ. ಮೂರುಮೂಲಿದು."

"ಎಷ್ಟ ದಿನ ಹಿಡಿತೈತಿ?"

"ಹೊಲದಷ್ಟ ದಿನ," ಅಂದಳು ಆಯಿ.

ಅಪ್ಪನಿಗೆ ಚೌಕಕ್ಕೂ ಮೂರುಮೂಲಿಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಅಂಗಡಿಯ ಸಾಮಾನಿಗೆ ಬಿಜಾಪುರಕ್ಕೆ ಹೋದಾಗ ಗಾಂಧಿ ಚೌಕದಿಂದ ದಾರದ ಉಂಡೆ ತಂದುಕೊಟ್ಟ. ಕೆಲಸ ಶುರುವಾಯಿತು. ಮೊದಲ ಹಂತದಲ್ಲೇ ಆಯಿ ಒಂದಿಷ್ಟು ದಿನ ತಿಂದಳು. ಹಳೇ ಬಟ್ಟೆಯನ್ನು ಹಾಗೇ ಕತ್ತರಿಸಕೂಡದು ಎಂದಳು. ಉಟ್ಟು ಉಟ್ಟು ಮೆತ್ತಗಾದ ಬಟ್ಟೆ, ಕತ್ತರಿ ಹಚ್ಚಿದ ಕೂಡಲೇ ಓರೆ ಅಂಚು ಜೋತುಬೀಳುತ್ತದೆ. ತೆಳ್ಳಗೆ ಸೋಸಿದ ಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಹಿತ್ತಾಳೆ ಚರಿಗೆಗೆ ಬಿಸಿನೀರು ತುಂಬಿ ಅದರ ಬುಡದಿಂದ ಒತ್ತಬೇಕು. ಒತ್ತುವುದೆಂದರೆ ಇಟ್ಟು ಎತ್ತುವುದು. ಮೇಲೆ ಕೆಳಗೆ ಎಳೆದಾಡಿದರೆ ಅಂಚು ಮತ್ತೆ ಜಗ್ಗುತ್ತದೆ. ನಾನು ಇಂದಿಗೂ ಇದನ್ನು ಮಾಡಿಸುತ್ತೇನೆ, ಚರಿಗೆಯ ಬದಲು ಇಸ್ತ್ರಿಪೆಟ್ಟಿಗೆ, ಅಷ್ಟೇ ಬದಲು. ಬ್ಯಾಂಕಿನ ಹುಡುಗಿ ಇಸ್ತ್ರಿಯನ್ನು ಅಂಗಿಯ ಮೇಲೆ ಓಡಿಸುವಂತೆ ಓಡಿಸಿದಾಗ ಆಯಿಯ ಕೈ ಬಂದು ನನ್ನ ಮೂಲಕ ಅವಳ ಮೊಣಕೈಗೆ ಬಡಿಯುತ್ತದೆ. ಮೆಲ್ಲಗೇ ಬಡಿಯುತ್ತೇನೆ.

ಗಂಜಿ ಹಾಕಿದ ಬಟ್ಟೆಯನ್ನು ಚೌಕವಾಗಿ ಕತ್ತರಿಸಿ, ಆ ಚೌಕವನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಿ, ಮಡಿಕೆಯ ಮೇಲೆ ಕತ್ತರಿ ಹಾಕಿದರೆ ಎರಡು ಮೂರುಮೂಲಿ. ಗಾಢ ಬಣ್ಣದವು ಒಂದು ಬುಟ್ಟಿಗೆ, ತಿಳಿ ಬಣ್ಣದವು ಇನ್ನೊಂದಕ್ಕೆ. ಹೊಲಿಯುವ ಮೊದಲು ಎಲ್ಲವನ್ನೂ ಪಡಸಾಲೆಯ ನೆಲದ ಮೇಲೆ ಹಾಸಿ ನೋಡಬೇಕು. ನನ್ನನ್ನು ಏಣಿ ಹತ್ತಿಸಿ, ಮಾಳಿಗೆಯ ಬೆಳಕಿಂಡಿಯಿಂದ ಕೆಳಗೆ ನೋಡಿ ಹೇಳು ಎನ್ನುತ್ತಿದ್ದಳು ಆಯಿ. ಕೆಳಗೆ ಕೂತವರಿಗೆ ಕಾಣದ ತಪ್ಪು ಮೇಲಿನಿಂದ ಥಟ್ಟನೆ ಕಾಣುತ್ತದೆ. ಒಂದೇ ಬಣ್ಣದ ಎರಡು ತುಂಡು ಹತ್ತಿರ ಬಂದರೆ ಅಲ್ಲಿ ಗುಂಡಿ ಬಿದ್ದ ಹಾಗಿರುತ್ತದೆ. ನಾನು ಮೇಲಿನಿಂದ ಹೆಡ್‌ಮಾಸ್ತರರ ಗತ್ತಿನಲ್ಲಿ, ಆ ಕೆಂಪು ತೆಗೀರಿ, ಈ ಹಳದಿ ತಿರಗಸ್ರಿ ಎಂದು ಕೂಗುತ್ತಿದ್ದೆ, ಕೆಳಗೆ ನಾಲ್ವರು ಹೆಂಗಸರು ನಾನು ಹೇಳಿದ ಹಾಗೆ ಮಾಡುತ್ತಿದ್ದರು. ಹುಡುಗಿಯೊಬ್ಬಳಿಗೆ ಅಷ್ಟು ಎತ್ತರದಿಂದ ಆಜ್ಞೆ ಮಾಡಲು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನನ್ನ ಗಂಡನನ್ನು ಕೇಳಿದರೆ ಅವರೂ ಹೇಳುತ್ತಾರೆ.

ಆಮೇಲೆ ಬಿಚ್ಚುವ ಕಾಲ ಬಂತು. ಮೂರುಮೂಲಿಯ ಚೂಪು ತುದಿ ಬಟ್ಟೆಯ ಅಂಚಿಗೆ ತಾಗಿರಬಾರದು, ಅಂಚಿನಿಂದ ಉಗುರಗಲ ಒಳಗೆ ನಿಲ್ಲಬೇಕು. ಮುಂದಿನ ಸಾಲನ್ನು ಕೂಡಿಸುವಾಗ ಹೊಲಿಗೆ ಆ ಉಗುರಗಲವನ್ನು ನುಂಗುತ್ತದೆ, ಚೂಪು ಉಳಿಯುತ್ತದೆ. ಇದನ್ನು ಮರೆತವರ ಕೌದಿಯಲ್ಲಿ ತುದಿಗಳೆಲ್ಲ ಹಲ್ಲು ಬಿದ್ದ ಬಾಯಿಯಂತಾಗುತ್ತವೆ. ಹೊಸದಾಗಿ ಕಲಿಯುವವರಿಗೆ ನನ್ನ ಎರಡನೇ ಮಾತು ಇದೇ. ಎರಡು ತುಂಡು ಕೂಡಿಸಿದಾಗ ಅಂಚಿನಾಚೆ ಸಣ್ಣ ಕಿವಿಗಳು ಹೊರಗೆ ಚಾಚುತ್ತವೆ, ಅವನ್ನು ಆಗಿಂದಾಗ ಕತ್ತರಿಸಿ ಎನ್ನುವುದು ಮೂರನೆಯ ಮಾತು. ಬಿಟ್ಟರೆ ತುಂಡುಗಳು ಕೂಡುವ ಕಡೆ ಗಂಟಾಗಿ ಸೂಜಿ ಮುರಿಯುತ್ತದೆ. ಇವೆಲ್ಲ ಆಯಿಯ ಮಾತುಗಳೇ, ಸುಳ್ಳೇನಿಲ್ಲ. ಆದರೆ ಆಯಿ ಸರಿಯಾಗಿ ನಿಂತ ಚೂಪನ್ನೂ ಕಣ್ಣಿಗೆ ಹತ್ತಿರ ಹಿಡಿದು, ಹೊರಳಿಸಿ ಹೊರಳಿಸಿ ನೋಡಿ, ಅದೇ ತೀರ್ಪು ಕೊಡುತ್ತಿದ್ದಳು.

"ಹೊಲಿಗಿ ಚೂಪು ತಿಂದೈತಿ. ಬಿಚ್ಚು."

"ಎಲ್ಲಿ ಆಯಿ? ನೆಟ್ಟಗ ಐತೆಲ್ಲ!"

"ನಿನಗ ತಿಳಿತೈತೋ ನನಗೋ? ಬಿಚ್ಚು ಅಂದ್ರ ಬಿಚ್ಚು."

ಶೇವಂತತ್ತಿ ಏನೂ ಎದುರಾಡದೆ ತಾನು ಹೊಲಿದದ್ದನ್ನು ತಾನೇ ಬಿಚ್ಚುತ್ತಿದ್ದಳು. ಅವಳ ಕೈ ನಮ್ಮೆಲ್ಲರಿಗಿಂತ ಹಗುರ, ಓರೆ ಅಂಚನ್ನು ಎಳೆಯದೆ, ಸೂಜಿಯನ್ನೇ ಬಟ್ಟೆಯ ಕಡೆಗೆ ತರುವ ಕೈ. ಬಂದಾಗ ಕುತ್ತಿಗೆಯ ಎಲುಬು ಕಾಣುತ್ತಿದ್ದವಳು ಬರುಬರುತ್ತ ತುಂಬಿಕೊಂಡಳು. ಮಾಬೂಬಿ ಚಾಚಿಯ ಚೇಷ್ಟೆಗೆ ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗತೊಡಗಿದಳು. ಅಪ್ಪ ಮಾತ್ರ ದಾರದ ಉಂಡೆ ತರುವಾಗೊಮ್ಮೆ ಗೊಣಗುತ್ತಿದ್ದ.

"ಇಷ್ಟ ದಾರದಾಗ ಗೋಳಗುಮ್ಮಟಕ್ಕ ಒಂದ ಅಂಗಿ ಹೊಲೀಬಹುದಿತ್ತು."

ನನಗೆ ಆ ಕೆಲಸ ಬೇಗ ಮುಗಿಯಬೇಕಿತ್ತು. ಶಾಲೆ ಬಿಟ್ಟು ಬಂದರೆ ಆಡಲು ಬಿಡದೆ ಸೂಜಿ ಕೈಗೆ ಕೊಡುತ್ತಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿದ್ದ ಒಂದೇ ಕತ್ತರಿ ಮಾಬೂಬಿ ಚಾಚಿಯ ಕೈಯಲ್ಲಿತ್ತು, ಅವಳ ಬಾಯಲ್ಲಿ ಎಲ್ಲಿಯದೋ ಮದುವೆಯ ಸುದ್ದಿ ನಡೆದಿತ್ತು, ಎರಡೂ ಬೇಗ ಬಿಡುಗಡೆಯಾಗುವ ಲಕ್ಷಣ ಇರಲಿಲ್ಲ. ಕಾಯುವ ತಾಳ್ಮೆ ನನ್ನ ಹಣೆಯಲ್ಲಿ ಬರೆದಿಲ್ಲ. ಕತ್ತರಿಸದ ಎರಡು ಚೌಕಗಳನ್ನೇ ತೆಗೆದುಕೊಂಡೆ, ಒಂದು ಗಾಢ, ಒಂದು ತಿಳಿ. ಮುಖಕ್ಕೆ ಮುಖ ಕೂಡಿಸಿ, ಮೂಲೆಯಿಂದ ಮೂಲೆಗೆ ಬಳಪದಿಂದ ಗೆರೆ ಎಳೆದೆ. ಹೇಗೂ ಗೆರೆಯ ಮೇಲೆ ಕತ್ತರಿಸಬೇಕಲ್ಲ ಎಂದು, ಗೆರೆಯಿಂದ ಉಗುರಗಲ ಬಿಟ್ಟು ಆಚೆಗೊಂದು ಹೊಲಿಗೆ, ಈಚೆಗೊಂದು ಹೊಲಿಗೆ ಹಾಕಿದೆ. ಕತ್ತರಿ ಸಿಕ್ಕಿದ ಮೇಲೆ ಗೆರೆಯ ಮೇಲೆ ಕತ್ತರಿಸಿ ಬಿಡಿಸಿ ನೋಡಿದರೆ, ಮೂರುಮೂಲಿ ಕೂಡಿಸಿದ ಎರಡು ಚೌಕಗಳು ಸಿದ್ಧ! ಓರೆ ಅಂಚಿಗೆ ಕೈ ತಾಗಿರಲಿಲ್ಲ, ಜಗ್ಗಿರಲಿಲ್ಲ, ಗಾಢ ಒಂದು ಕಡೆ ತಿಳಿ ಒಂದು ಕಡೆ ಕೋಲಿಟ್ಟು ಗೆರೆ ಎಳೆದಷ್ಟು ನೇರ. ಈ ಯುಕ್ತಿ ನನ್ನದೇ ಎಂದು ಇವತ್ತಿಗೂ ನನಗೆ ಜಂಬ. ಮೊನ್ನೆ ಬ್ಯಾಂಕಿನ ಹುಡುಗಿ ಮೊಬೈಲಿನಲ್ಲಿ ಯಾರೋ ಪರದೇಶದ ಹೆಂಗಸು ಇದನ್ನೇ ಮಾಡುವ ವಿಡಿಯೋ ತೋರಿಸಿದಳು. ಅವಳು ಎಂದಾದರೂ ತಿಕೋಟಾಕ್ಕೆ ಬಂದಿರಬೇಕು ಎಂದೆ.

ಅವತ್ತು ಆ ಎರಡು ಚೌಕ ಹಿಡಿದು ಕುಣಿದೆ. ಹಿಂಗ ಮಾಡಿದ್ರ ಎಂಟ ದಿನದಾಗ ಮುಗೀತೈತಿ ಆಯಿ ಎಂದು ಕೂಗಿದೆ. ಅತ್ತಿಯ ಕೈ ನಿಂತಿತು. ಅವ್ವ ಎದ್ದು ಒಲೆ ನೋಡಲು ಹೋದಳು. ಆಯಿಯ ಮುಖ ಕೆಂಪಾಯಿತು.

"ಭಾಳ ಶಾಣ್ಯಾ ಆಗೀಯಲೇ. ಬಿಚ್ಚದನ್ನ!"

ಅಷ್ಟು ಸಿಟ್ಟು ನನ್ನ ಮೇಲೆ ಅವಳು ಎಂದೂ ಮಾಡಿದವಳಲ್ಲ. ನಾನು ದೊಡ್ಡ ದನಿ ತೆಗೆದು ಅಳುತ್ತ, ಚೌಕಗಳನ್ನು ನೆಲಕ್ಕೆ ಒಗೆದು ಹೋಗಿ ಎಮ್ಮೆಯ ಬಳಿ ಕೂತೆ. ಸ್ವಲ್ಪ ಹೊತ್ತಿಗೆ ಆಯಿ ಮೊಣಕಾಲು ಹಿಡಿದುಕೊಂಡು ಬಂದು ಮೇವು ಹಾಕುವ ಗೋದಲಿಯ ಕಟ್ಟೆಯ ಮೇಲೆ ಕುಳಿತಳು. ಮಡಿಲಿನಿಂದ ಬೆಲ್ಲದ ಚೂರು ತೆಗೆದು ಕೊಟ್ಟಳು.

"ಗೌರೀ, ಕೌದಿ ಮುಗದ್ರ ಏನಾಕ್ಕೈತಿ?"

"ಅತ್ತಿ ಹೋಗ್ತಾಳ."

"ಕಳಸೂನೇನು?"

ನಾನು ಬೆಲ್ಲ ಬಾಯಲ್ಲಿಟ್ಟುಕೊಂಡೇ ಬೇಡವೆಂದು ತಲೆ ಅಲ್ಲಾಡಿಸಿದೆ. ಎಲ್ಲವೂ ಒಮ್ಮೆಲೇ ತಿಳಿಯಿತು, ಗಂಜಿ, ಚೂಪು, ಬಿಚ್ಚು, ದಾರದ ಉಂಡೆ.

"ಹಂಗಾದ್ರ ಬಾಯಿ ಮುಚಗೊಂಡು ಬಿಚ್ಚು."

"ಆಯಿ, ಅತ್ತೀಗಿ ಕೇಳೀಯೇನು, ಹೊಕ್ಕೀಯೋ ಇಲ್ಲೋ ಅಂತ?"

"ಕೇಳೂದೇನೈತಿ ಅದರಾಗ? ಹಡದಾಕಿಗಿ ತಿಳಿಯೂದಿಲ್ಲೇನು?"

ಅಂದಿನಿಂದ ನನ್ನಷ್ಟು ಶ್ರದ್ಧೆಯಿಂದ ಬಿಚ್ಚುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆಯಿ ಹೇಳುವ ಮೊದಲೇ ನಾನೇ ಚೂಪು ತಿಂದೈತಿ ಎಂದು ಘೋಷಿಸುತ್ತಿದ್ದೆ. ಮಾಬೂಬಿ ಚಾಚಿ ನನ್ನನ್ನು ಬಿಚ್ಚವ್ವ ಎಂದು ಕರೆಯತೊಡಗಿದಳು. ಬೇಸಿಗೆ ಹೀಗೆ ಕಳೆಯಿತು. ಮಳೆ ಬಿದ್ದು ಬಿತ್ತನೆಯಾಯಿತು. ಕಾರಹುಣ್ಣಿಮೆಗೆ ಕಳಿಸೋಣ ಎಂದ ಅಪ್ಪ. ಪಂಚಮಿಗೆ ಹೆಣ್ಣುಮಕ್ಕಳು ಹೇಗೂ ತವರಿಗೆ ಬರಬೇಕು, ಈಗ ಕಳಿಸಿ ಮತ್ತೆ ಕರೆತರುವ ಬಸ್ಸಿನ ತಿರುಗಾಟ ಯಾತಕ್ಕೆ ಎಂದಳು ಆಯಿ. ಅಪ್ಪನಿಗೆ ಅದೂ ಸರಿ ಎನಿಸಿತು. ಪಂಚಮಿಯೂ ಬಂತು, ಉಂಡಿ ತಿಂದೆವು, ಜೋಕಾಲಿ ಆಡಿದೆವು, ಹಬ್ಬ ಮುಗಿಯಿತು. ಮರುವಾರ ಅಪ್ಪ ಅಂಗಡಿಯಿಂದ ಬೇಗ ಬಂದವನು ಗಳಕ್ಕೆ ಹಾಕಿದ್ದ ಕೌದಿಯನ್ನು ತಾನೇ ಇಳಿಸಿ ಪಡಸಾಲೆಯಲ್ಲಿ ಹಾಸಿದ. ಕೌದಿ ಗೋಡೆಯಿಂದ ಗೋಡೆಗೆ ಮುಟ್ಟಿತ್ತು, ತುಂಡು ಹಚ್ಚಲು ಎಲ್ಲೂ ಜಾಗ ಉಳಿದಿರಲಿಲ್ಲ. ಹೊಲಿಗೆ ಬಾರದವನಿಗೂ ಅಷ್ಟು ಕಾಣುತ್ತದೆ.

"ಇದು ಮುಗದೈತಿ," ಅಂದ ಅಪ್ಪ. "ನಾ ಬಬಲೇಶ್ವರಕ್ಕ ಹೇಳಿ ಕಳಸ್ತೀನಿ."

ಶೇವಂತತ್ತಿ ಕೌದಿಯ ಅಂಚಿನಲ್ಲಿ ಕೂತು ಕಾಲುಂಗುರ ತಿರುವುತ್ತಿದ್ದಳು. ಸುದ್ದಿ ಮುಟ್ಟಿದ ಮೇಲೆ ಕರೆದೊಯ್ಯಲು ಅವಳ ಗಂಡ ಬರಲಿಲ್ಲ. ಬಸವ್ವನೇ ಬಿಜಾಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಮನೆ ಮುಟ್ಟಿದಳು. ಎತ್ತರದ ಹೆಂಗಸು, ಗಟ್ಟಿ ದನಿ, ಹಣೆ ತುಂಬ ವಿಭೂತಿ. ಸೊಸೆಗೆಂದು ಹಸಿರು ಬಳೆ ತಂದಿದ್ದಳು, ಬಂದವಳೇ ನೀರು ಕುಡಿಯುವ ಮೊದಲು ಅವಳ ಕೈ ಹಿಡಿದು ಏರಿಸಿದಳು. ಇವಳು ಕೆಟ್ಟ ಅತ್ತೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿತು. ಅವ್ವ ಶೇಂಗಾ ಹೋಳಿಗೆ ಮಾಡಿದ್ದಳು. ಊಟದ ತುಂಬ ಬೆಳೆಯ ಮಾತು, ಮಳೆಯ ಮಾತು, ಯಾರದೋ ಮೊಮ್ಮಗನ ಜವಳದ ಮಾತು. ಊಟ ಮುಗಿದ ಮೇಲೆ ಆಯಿ ಕೌದಿಯನ್ನು ತಂದು ಬೀಗತಿಯ ಮುಂದೆ ಹಾಸಿದಳು.

ಕೌದಿಯ ಒಂದು ಮೂಲೆ ಇನ್ನೂ ಬಾಯಿ ತೆರೆದುಕೊಂಡಿತ್ತು. ಹೆಣ್ಣುಮಗಳ ಜೊತೆ ಹೋಗುವ ಕೌದಿಯ ಒಂದು ಮೂಲೆಯನ್ನು ನಮ್ಮ ಮನೆಯಲ್ಲಿ ಯಾವಾಗಲೂ ಹಾಗೇ ಬಿಡುತ್ತಿದ್ದರು. ಅದನ್ನು ಗಂಡನ ಮನೆಯಲ್ಲಿ ಅತ್ತೆಯಾದವಳು ಮುಚ್ಚಬೇಕು. ಒಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು ಹೊಲಿಯಬೇಕು, ಹೊದ್ದವರು ಹಸಿಯಬಾರದು ಎಂದು. ಆ ಮೂಲೆ ಎಲ್ಲಿ ಮುಚ್ಚುತ್ತದೋ ಅದೇ ಆ ಕೌದಿಯ ಮನೆ. ಬಸವ್ವನ ಕಡೆಗೂ ಅದೇ ಪದ್ಧತಿ ಇತ್ತು. ಅವಳು ಮಂಡಿಯೂರಿ ಕೂತು, ಬಜಾರದಲ್ಲಿ ಕಾಳು ನೋಡುವವರ ಹಾಗೆ ಅಂಗೈಯಿಂದ ಕೌದಿಯನ್ನು ಸವರಿದಳು.

"ಏನ್ ಕೈ ಬೀಗತಿ ನಿಮ್ಮದು! ಒಂದ ಚೂಪೂ ಅತ್ತಿತ್ತ ಹೋಗಿಲ್ಲ."

ಸವರುತ್ತಿದ್ದ ಕೈ ಒಂದು ಕಡೆ ನಿಂತಿತು. ಅಲ್ಲಿಂದ ಮುಂದೆ ಹೋಗಿ ಮತ್ತೆ ನಿಂತಿತು. ಬಸವ್ವ ಕೌದಿಯ ಅಂಚನ್ನು ಎತ್ತಿಕೊಂಡು ಬಾಗಿಲ ಬಿಸಿಲಿಗೆ ವಾಲಿಸಿ ನೋಡಿದಳು. ಹೊಲಿಗೆಯ ಮಗ್ಗುಲಲ್ಲಿ, ಮೇಲೆ, ಕೆಳಗೆ, ಸೂಜಿ ಹೋಗಿ ಬಂದ ಖಾಲಿ ತೂತುಗಳು, ಸಾಸಿವೆ ಚೆಲ್ಲಿದಂತೆ. ಹಳೇ ಬಟ್ಟೆ ಒಮ್ಮೆ ಚುಚ್ಚಿಸಿಕೊಂಡರೆ ಮುಚ್ಚಿಕೊಳ್ಳುವುದಿಲ್ಲ. ಇದು ಓಣಿಗೆಲ್ಲ ಕೌದಿ ಕಲಿಸಿದ ಆಯಿಗೆ ಗೊತ್ತಿರದ ಮಾತೇ? ಆದರೆ ಅಪ್ಪನ ಕಣ್ಣಿಗೆ ಮಣ್ಣೆರಚುವ ಭರದಲ್ಲಿ, ಕೌದಿ ನೋಡಲು ಬರುವವಳೂ ಕೌದಿ ಹೊಲಿಯುವವಳೇ ಎಂಬುದನ್ನು ನಾವೆಲ್ಲ ಮರೆತಿದ್ದೆವು.

"ಇದನ್ನ ಎಷ್ಟ ಸಲ ಬಿಚ್ಚೀರಿ ಬೀಗತಿ?"

"ಸಣ್ಣ ಹುಡುಗಿ ಕೈ ಹಚ್ಚಿತ್ರಿ," ಎಂದು ಆಯಿ ನನ್ನ ಕಡೆ ಬೆರಳು ಮಾಡಿದಳು. "ಅದಕ್ಕೇನ ತಿಳಿತೈತಿ, ತಪ್ಪಿ ತಪ್ಪಿ ಹೊಲೀತು."

"ನಾ ಅಲ್ಲ!" ಎಂದೆ. ಎಷ್ಟಾದರೂ ಮಾನ ಮರ್ಯಾದೆಯ ಪ್ರಶ್ನೆ.

"ಹುಡುಗಿ ತಪ್ಪಿದ್ರ ಒಂದ ಮೂಲ್ಯಾಗ ಇರ್ತಾವ. ಇವು ಎಲ್ಲಾ ಕಡೆ ಅದಾವ," ಅಂದಳು ಬಸವ್ವ. ದನಿ ಏರಿಸಲಿಲ್ಲ. "ಹೊಲಿಗಿ ಛಲೋ ಇದ್ದಲ್ಲೇ ಬಿಚ್ಚೀರಿ."

ಅಪ್ಪ ಬಾಗಿಲಿಗೆ ಆತುಕೊಂಡು ನಿಂತಿದ್ದವನು ಕೌದಿಯನ್ನೂ ಆಯಿಯನ್ನೂ ನೋಡಿದ, ತಾನು ತಂದ ದಾರವೆಲ್ಲ ಎಲ್ಲಿ ಹೋಯಿತೆಂದು ಅವನಿಗೆ ಆಗ ತಿಳಿದಿರಬೇಕು. ಬಸವ್ವ ಕೌದಿಯನ್ನು ಕೆಳಗಿಟ್ಟು ಸೊಸೆಯ ಕಡೆ ತಿರುಗಿದಳು.

"ಶೇವಂತಿ, ನೀ ಹೇಳ ಯವ್ವಾ. ನಿನಗ ಬರಾಕ ಮನಸ್ಸು ಐತೋ ಇಲ್ಲೋ?"

"ಅಕಿಗೇನ ಕೇಳ್ತೀರಿ ಬೀಗರ," ಅಂದ ಅಪ್ಪ. "ಬರ್ತಾಳ. ನಾಳಿ ನಾನ ಬಂದು ಬಿಟ್ಟ ಹೊಕ್ಕೀನಿ."

"ಯಪ್ಪಾ, ನಾ ನಿನಗ ಕೇಳಿಲ್ಲ."

"ಅದಲ್ರೀ ಬೀಗತಿ, ಅಕಿ..." ಎಂದು ಆಯಿ ಶುರು ಮಾಡಿದಳು.

"ನಿಮಗೂ ಕೇಳಿಲ್ಲ."

ಶೇವಂತತ್ತಿ ಹೊಸ ಬಳೆಗಳನ್ನು ನೋಡುತ್ತಿದ್ದಳು. ನಾನು ಅವಳ ಎದುರಿಗೇ ಕೂತಿದ್ದೆ. ಅವಳು ಹೂಂ ಎಂದುಬಿಟ್ಟರೆ? ಮೂವರು ಹಿರಿಯರ ಮುಂದೆ, ಅದೂ ಕೈತುಂಬ ಬಳೆ ತೊಡಿಸಿದವಳ ಮುಂದೆ, ಇನ್ನೇನು ತಾನೆ ಅಂದಾಳು? ಅತ್ತಿ ತಲೆ ಎತ್ತಿದಳು.

"ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ರಿ ಅತ್ತಿ. ನೀವು ಮಗಳಗತೆ ನೋಡಕೊಂಡೀರಿ."

"ಅದನ್ನ ಕೇಳಿಲ್ಲವಾ ನಾ."

"ಮನಸ್ಸಿಲ್ರಿ. ನಾ ಬರೂದಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಯಿ ಅಳತೊಡಗಿದಳು, ಹಡದಾಕಿ ನಾ ಒಂದ ದಿನ ಕೇಳಲಿಲ್ಲಲ್ಲೋ ಯಪ್ಪಾ ಎಂದು. ಅಷ್ಟು ತಿಂಗಳು ಮಗಳನ್ನು ಉಳಿಸಿಕೊಳ್ಳಲು ಊರಿನ ಬುದ್ಧಿಯನ್ನೆಲ್ಲ ಖರ್ಚು ಮಾಡಿದ ಮುದುಕಿ, ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ. ನನಗೆ ಅವಳ ಮೇಲೆ ಆಗ ಸಿಟ್ಟೂ ಬಂತು, ಹೋಗಿ ತಬ್ಬಿಕೊಳ್ಳಬೇಕೆಂದೂ ಅನಿಸಿತು. ಒಬ್ಬರ ಬಾಯಿಂದ ಬರಬೇಕಾದ ಮಾತು ಅವರ ಬಾಯಿಂದಲೇ ಬಂದದ್ದನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಮುಂದೆ ನನ್ನ ಲಗ್ನದ ಮಾತು ಇದೇ ಪಡಸಾಲೆಯಲ್ಲಿ ನಡೆದಾಗ, ನನ್ನ ಕೇಳ್ರಿ ಎಂದು ನಡುವೆ ಹೋಗಿ ಕೂರಲು ನನಗೆ ಯಾವ ಹೆದರಿಕೆಯೂ ಆಗಲಿಲ್ಲ. ಧೈರ್ಯ ಹುಟ್ಟಿನಿಂದ ಬಂತೆಂದು ಜನ ಅನ್ನುತ್ತಾರೆ. ನನಗೆ ಅದು ಒಬ್ಬ ಬೀಗತಿಯಿಂದ ಬಂತು.

ಬಸವ್ವನ ಕಣ್ಣಂಚು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

"ನನ್ನ ಮನಿ ಖಾಲಿ ಆತು," ಅಂದಳು. "ಇರಲಿ. ಮಗಗ ನಾ ಹೇಳ್ತೀನಿ. ಗೌರೀ, ಸೂಜಿಗಿ ದಾರ ಹಾಕಿ ಕೊಡು."

ನಾನು ದಾರ ಪೋಣಿಸಿ ಕೊಟ್ಟೆ. ಅವಳು ತಾಟಿನಲ್ಲಿ ಉಳಿದಿದ್ದ ಹೋಳಿಗೆಯಿಂದ ಒಂದು ಚೂರು ಮುರಿದು, ಕೌದಿಯ ತೆರೆದ ಮೂಲೆಯೊಳಗೆ ಇಟ್ಟಳು. ಅಂಚು ಮಡಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಲ್ಲೂ ಎಳೆಯದೆ, ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿದಳು. ದಾರವನ್ನು ಹಲ್ಲಿನಿಂದ ಕಡಿದಳು. ನಮ್ಮ ಪಡಸಾಲೆಯಲ್ಲಿ, ನಮ್ಮ ಒಲೆಯ ಹೋಳಿಗೆ ಇಟ್ಟು, ಅವಳ ಕೈಯಿಂದಲೇ ಆ ಮೂಲೆ ಮುಚ್ಚಿತು. ಆಮೇಲೆ ಇಡೀ ಕೌದಿಯನ್ನು ಒಟ್ಟುಮಾಡಿ ಶೇವಂತತ್ತಿಯ ಮಡಿಲಿಗೆ ಹಾಕಿದಳು.

"ತಗೋ. ಹೊಚಗೊಂಡ ಮಲ್ಕೋ."

ಅಪ್ಪ ಬೀಗತಿಯ ಚೀಲ ಹಿಡಿದು ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದ. ಬಂದು ಅಂಗಡಿಗೆ ಹೋಗಲಿಲ್ಲ, ಕಟ್ಟೆಯ ಮೇಲೆ ಕೂತ. ಒಳಗೆ ಶೇವಂತತ್ತಿ ಹಾಡುಹಗಲೇ, ಸೆಕೆಯಲ್ಲೇ, ತಲೆಯವರೆಗೆ ಕೌದಿ ಎಳೆದುಕೊಂಡು ಮಲಗಿದ್ದಳು. ನಾನು ಜೋರಾಗಿ ಮಾತಾಡಿದ್ದಕ್ಕೆ ಅಪ್ಪ ಹೊರಗಿನಿಂದಲೇ ಗದರಿದ.

"ಮೆಲ್ಲಕ ಮಾತಾಡಲೇ. ನಮ್ಮ ಶೇವಂತಿ ಮಲಗ್ಯಾಳ."